ಅಂಗೈಯ ಬುಡ

ಮಕ್ಕಳ ವಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ. ಇಪ್ಪತ್ತೇಳು ವರ್ಷದ ನರ್ಸ್ ಕೆಲಸ. ಕಣ್ಣಿಗೆ ಕಾಣದ ನರವನ್ನು ಬೆರಳ ತುದಿಯಲ್ಲೇ ಹುಡುಕಿ, ಕೂಸು ಅಳಲು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಹಾಕಿ ಮುಗಿಸಿರುತ್ತಿದ್ದಳು. ಹೊಸ ಡಾಕ್ಟರುಗಳು ಮೂರು ಸಲ ಚುಚ್ಚಿ ಸೋತ ಮೇಲೆ "ದೊಡ್ಡಕ್ಕನ್ನ ಕರೀರಿ" ಅನ್ನುವುದು ಅಲ್ಲಿನ ರೂಢಿ.

ಆ ಬುಧವಾರ ಅವಳಿಗೆ ತರಬೇತಿಯಿತ್ತು. ಉಸಿರು ನಿಂತ ಕೂಸನ್ನು ಬದುಕಿಸಿಕೊಳ್ಳುವ ತರಬೇತಿ. ಮಕ್ಕಳ ವಿಭಾಗದವರೆಲ್ಲ ವರ್ಷಕ್ಕೊಮ್ಮೆ ಕಲಿತದ್ದನ್ನೇ ಮತ್ತೆ ಕಲಿತು, ಮಾಡಿ ತೋರಿಸಿ, ಪತ್ರ ಪಡೆಯಬೇಕು. ಹೋಗಬೇಕು ಎಂದೂ ಅವಳಿಗೆ ಅನ್ನಿಸಲಿಲ್ಲ, ಬೇಡ ಎಂದೂ ಅನ್ನಿಸಲಿಲ್ಲ. ಎರಡೂವರೆ ತಿಂಗಳಿಂದ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಹಿಂದಿನ ದಿನ ಗಂಡ ಅಡುಗೆಗೆ ಉಪ್ಪು ಹಾಕಲು ಮರೆತಿದ್ದ. ಅವಳು ಸದ್ದಿಲ್ಲದೆ ತಟ್ಟೆ ಖಾಲಿ ಮಾಡಿ ಎದ್ದಳು. ಆಮೇಲೆ ಉಣ್ಣಲು ಕೂತ ಅವನು ಮೊದಲ ತುತ್ತಿಗೇ ಮುಖ ಕಿವುಚಿ, "ಸಪ್ಪೆ ಅಂತ ಒಂದು ಮಾತು ಹೇಳೋದಲ್ವೇನೇ?" ಎಂದ.

"ಸಪ್ಪೆ ಇತ್ತಾ?" ಎಂದಳು ಅವಳು. ಅವನು ಅವಳ ಮುಖವನ್ನೇ ನೋಡಿದ. ಮೂವತ್ತು ವರ್ಷದಲ್ಲಿ ಅವಳು ಅವನ ಅಡುಗೆಗೆ ಕೊಂಕು ತೆಗೆಯದ ದಿನವಿರಲಿಲ್ಲ.

ಎರಡೂವರೆ ತಿಂಗಳ ಹಿಂದೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಬ್ಬ ತಂದೆ ಐದು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಓಡಿ ಬಂದಿದ್ದ. ಕೂಸು ಉಸಿರಾಡುತ್ತಿರಲಿಲ್ಲ. ಡಾಕ್ಟರು ಬೇರೆ ಮಹಡಿಯಲ್ಲಿದ್ದರು. ವಾರ್ಡಿನಲ್ಲಿ ಜೊತೆಗಿದ್ದ ನರ್ಸ್ ಹುಡುಗಿ ಮಾಸ್ಕ್ ಹಿಡಿದು ಗಾಳಿ ಕೊಟ್ಟಳು, ದೊಡ್ಡಕ್ಕ ಎದೆ ಒತ್ತಿದಳು. ಎರಡೂ ಅಂಗೈಯಿಂದ ಕೂಸಿನ ಬೆನ್ನು ಬಳಸಿ, ಎರಡು ಹೆಬ್ಬೆರಳನ್ನು ಎದೆಯ ನಡುವೆ ಊರಿ ಒತ್ತುವುದು ಅವಳು ಸಾವಿರ ಸಲ ಮಾಡಿ ತೋರಿಸಿದ್ದ ವಿಧಾನ. ಆದರೆ ವರ್ಷದಿಂದ ಅವಳ ಹೆಬ್ಬೆರಳ ಬುಡದಲ್ಲಿ ನೋವಿತ್ತು. ಬಾಟಲಿಯ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ. ಎರಡನೇ ನಿಮಿಷಕ್ಕೆ ಹೆಬ್ಬೆರಳು ಸೋತವು. ಸೋತದ್ದು ಅವಳಿಗೆ ಗೊತ್ತಾಯಿತು. ಆದರೂ ಒತ್ತುತ್ತಲೇ ಇದ್ದಳು. ನಾಲ್ಕನೇ ನಿಮಿಷಕ್ಕೆ ಡಾಕ್ಟರು ಬಂದರು, ಬೇರೆಯವರು ಕೈ ಜೋಡಿಸಿದರು. ಮುಕ್ಕಾಲು ಗಂಟೆಯ ನಂತರ ಎಲ್ಲರೂ ನಿಲ್ಲಿಸಿದರು.

ಯಾರೂ ಅವಳನ್ನು ಏನೂ ಕೇಳಲಿಲ್ಲ. ಅವಳು ಕೈ ತೊಳೆದು, ಫೈಲು ಬರೆದು, ಉಳಿದ ಮಕ್ಕಳಿಗೆ ಎರಡು ಗಂಟೆಯ ಔಷಧಿ ಕೊಟ್ಟಳು. ಮನೆಗೆ ಹೋದ ಮೇಲೆ ಅಳು ಬರಬಹುದು ಅಂದುಕೊಂಡಿದ್ದಳು. ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟಳು.

ತರಬೇತಿಯ ಕೋಣೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿತ್ತು. ಗೋಡೆ ಸದಾ ಸಣ್ಣಗೆ ನಡುಗುತ್ತಿತ್ತು. ನಾಲ್ಕು ಮೇಜು, ನಾಲ್ಕು ರಬ್ಬರ್ ಕೂಸು. ಕಲಿಸುವವಳು ದೊಡ್ಡಕ್ಕನ ಕೈಕೆಳಗೇ ಪಳಗಿದ ಹುಡುಗಿ. ಹದಿನಾಲ್ಕು ವರ್ಷದ ಹಿಂದೆ ಯಾವ ಯಂತ್ರ ಕೂಗಿದರೂ ಎಗರಿ ಬೀಳುತ್ತಿದ್ದಳೆಂದು ದೊಡ್ಡಕ್ಕನೇ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಈಗ ಅವಳ ಕೂದಲಲ್ಲೂ ಒಂದೆರಡು ಬೆಳ್ಳಿ ಎಳೆ.

"ಅಯ್ಯೋ ಅಕ್ಕ, ನೀವ್ಯಾಕೆ ಬಂದ್ರಿ?" ಎಂದು ಗುಬ್ಬಿ ಬಾಗಿಲಿಗೇ ಬಂದಳು. "ನಿಮಗೆ ನಾನು ಹೇಳ್ಕೊಡೋದು ಅಂದ್ರೆ ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ. ಸಹಿ ಮಾಡಿ ಹೋಗಿ, ಪತ್ರ ಮೇಲಕ್ಕೆ ಕಳಿಸ್ತೀನಿ."

ಹಿಂದಿನ ವರ್ಷ ನಡೆದದ್ದೂ ಅದೇ. ಸಹಿ ಮಾಡುವಷ್ಟರಲ್ಲಿ ವಾರ್ಡಿನಿಂದ ಫೋನ್ ಬಂದಿತ್ತು, ಜನ ಸಾಲದು ಎಂದು. ಅವಳು ಮೇಲೆ ಹೋಗಿದ್ದಳು, ಪತ್ರ ಹಿಂದಿನಿಂದ ಬಂದಿತ್ತು. ಹಳಬರೆಲ್ಲ ಮಾಡುವುದು ಹಾಗೆಯೇ.

"ಇಲ್ಲ ಕಣೇ, ಈ ಸಲ ಕೂತ್ಕೋತೀನಿ," ಎಂದಳು ದೊಡ್ಡಕ್ಕ.

ಅವಳ ಸರದಿ ಬಂದಾಗ ಹತ್ತು ಜನ ಸುತ್ತ ನೆರೆದರು. ದೊಡ್ಡಕ್ಕ ಮಾಡುವುದನ್ನು ನೋಡುವುದೇ ಒಂದು ಪಾಠವೆಂದು ಎಳೆಯರು ಕತ್ತು ಚಾಚಿದರು. ರಬ್ಬರ್ ಕೂಸಿನಿಂದ ಒಂದು ತಂತಿ ಪರದೆಗೆ ಹೋಗಿತ್ತು. ಒತ್ತಿದ್ದು ಸಾಕಷ್ಟು ಆಳಕ್ಕೆ ಹೋದರೆ ಹಸಿರು, ಸಾಲದಿದ್ದರೆ ಹಳದಿ. ಮೊದಲ ಅರ್ಧ ನಿಮಿಷ ಹಸಿರು. ಆಮೇಲೊಂದು ಹಳದಿ. ಆಮೇಲೆ ಬರೀ ಹಳದಿ.

ಗುಬ್ಬಿ ಮೆಲ್ಲಗೆ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಈ ಬೊಂಬೆ ಹಳೇದು. ಸ್ಪ್ರಿಂಗ್ ಬಿಗಿ."

"ಬೊಂಬೆಗೆ ಏನೂ ಆಗಿಲ್ಲ," ಎಂದು ದೊಡ್ಡಕ್ಕ ಕೈ ಎತ್ತಿ ತೋರಿಸಿದಳು. ಹೆಬ್ಬೆರಳ ಬುಡ ಗೆಣ್ಣುಗಟ್ಟಿ ಊದಿತ್ತು. "ನನ್ನ ಕೈಲಿ ಆಗ್ತಿಲ್ಲ. ಬರ್ಕೋ."

"ಅಷ್ಟೇ ತಾನೇ ಅಕ್ಕ?" ಗುಬ್ಬಿಗೆ ಜೀವ ಬಂದ ಹಾಗಾಯಿತು. "ಹೆಬ್ಬೆರಳು ಸೋತ್ರೆ ಬಿಟ್ಬಿಡಿ. ಒಂದೇ ಕೈ, ಅಂಗೈ ಬುಡ ಎದೆ ಮಧ್ಯೆ ಇಟ್ಟು ಒತ್ತಿ. ಆಳ ಸಿಗೋದು ಮುಖ್ಯ, ಹಾಗೂ ಮಾಡ್ಬಹುದು. ಹೋದ ವರ್ಷ ಎಲ್ಲರಿಗೂ ಹೇಳಿದ್ನಲ್ಲ—"

ಮಾತು ಅಲ್ಲಿಗೇ ನಿಂತಿತು. ಹೋದ ವರ್ಷ ಯಾರಿದ್ದರು, ಯಾರಿರಲಿಲ್ಲ ಎಂಬುದು ಅವಳಿಗೆ ನೆನಪಾಗಿತ್ತು.

ದೊಡ್ಡಕ್ಕ ಬಲ ಅಂಗೈಯ ಬುಡವನ್ನು ರಬ್ಬರ್ ಎದೆಯ ಮೇಲಿಟ್ಟು ಒತ್ತಿದಳು. ಹಸಿರು. ತೋಳಿನ ಬಲವೆಲ್ಲ ಸಲೀಸಾಗಿ ಇಳಿಯಿತು. ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ. ಎರಡು ನಿಮಿಷವೂ ಹಸಿರು. ಎಳೆಯರು ಚಪ್ಪಾಳೆ ತಟ್ಟಿದರು. ಇಷ್ಟು ಸುಲಭವೇ ಎಂದು ಅವಳಿಗೆ ಅನ್ನಿಸಿತು. ಆ ಯೋಚನೆ ಬೇರೆ ಯಾರದೋ ವಿಷಯವೆಂಬಂತೆ ಬಂದು ಎದುರಿಗೆ ನಿಂತಿತು.

ಉಳಿದವರು ಚಹಾಕ್ಕೆ ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತು, ಆ ಐದು ತಿಂಗಳ ಕೂಸಿನ ವಿಷಯ ಹೇಳಿದಳು. ಔಷಧಿಯ ಚೀಟಿ ಓದುವ ದನಿಯಲ್ಲಿ, ಎಷ್ಟು ಗಂಟೆಗೆ ಏನಾಯಿತು ಎಂದಷ್ಟೇ. ಕೊನೆಗೆ ಕೇಳಿದಳು: "ಆವತ್ತು ಇದು ಗೊತ್ತಿದ್ದಿದ್ರೆ ಆ ಮಗು ಉಳೀತಿತ್ತಾ?"

ಗುಬ್ಬಿ ಪರದೆ ಆರಿಸಿ ಅವಳ ಎದುರು ಬಂದು ಕೂತಳು. "ಗೊತ್ತಿಲ್ಲ ಅಕ್ಕ. ಅಲ್ಲಿಗೆ ಬರೋ ಹೊತ್ತಿಗೇ ಉಸಿರು ನಿಂತು ಎಷ್ಟೊತ್ತಾಗಿತ್ತೋ. ಉಳೀತಿರ್ಲಿಲ್ಲ ಅಂತ ಹೇಳಿ ನಿಮ್ಮನ್ನ ಸಮಾಧಾನ ಮಾಡಬಹುದು. ಆದ್ರೆ ನನಗೆ ನಿಜವಾಗ್ಲೂ ಗೊತ್ತಿಲ್ಲ."

"ಹೂಂ."

"ನಿಮ್ಮ ಕೈಲಿ ಸಹಿ ಹಾಕಿಸ್ಕೊಂಡು ಕಳಿಸಿದ್ದು ನಾನೇ," ಎಂದಳು ಗುಬ್ಬಿ. ಅವಳು ಮುಖ ಮುಚ್ಚಿಕೊಂಡು ಅತ್ತಳು. ದೊಡ್ಡಕ್ಕ ಎದ್ದು, ಹಾಲು ಕುಡಿದ ಕೂಸಿಗೆ ತೇಗು ಬರಿಸುವ ಹಾಗೆ ಅವಳ ಬೆನ್ನು ತಟ್ಟುತ್ತ ನಿಂತಳು. ಕೈ ತನ್ನಷ್ಟಕ್ಕೆ ತಟ್ಟುತ್ತಿತ್ತು. ಅಳುತ್ತಿರುವವಳು ತಾನಾಗಬೇಕಿತ್ತು ಎಂದು ಗೊತ್ತಿತ್ತು, ಅಷ್ಟೇ.

ಸಂಜೆ ಅವಳು ವಾರ್ಡಿನ ಮೇಲ್ವಿಚಾರಕಿಯ ಕೋಣೆಗೆ ಹೋದಳು. ಹೊಸ ಪತ್ರ ಮೇಜಿನ ಮೇಲಿಟ್ಟು, ಹೋದ ವರ್ಷದ್ದನ್ನು ಅದರ ಪಕ್ಕದಲ್ಲಿಟ್ಟಳು.

"ಇದು ಸುಳ್ಳು ಮೇಡಂ. ನಾನು ಆವತ್ತು ಕೂತಿರ್ಲಿಲ್ಲ."

ಮೇಲ್ವಿಚಾರಕಿ ಬಾಗಿಲತ್ತ ನೋಡಿದರು. "ಆಗಿದ್ದು ಆಗಿಹೋಯ್ತು. ಈಗ ಯಾಕೆ ಕೆದಕ್ತೀರಿ ದೊಡ್ಡಕ್ಕ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಾ?"

"ಹಾಕ್ಕೋತೀನಿ. ಬರ್ಕೊಳ್ಳಿ. ಇನ್ನೊಂದು ಮಾತು. ತರಬೇತಿಗೆ ಹೋದವರನ್ನ ಮಧ್ಯದಲ್ಲಿ ಕರೀಬೇಡಿ."

"ಮಕ್ಕಳನ್ನ ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ."

ಮೇಲ್ವಿಚಾರಕಿ ಬರೆದುಕೊಂಡರು. ಒಂದು ವಿಚಾರಣೆ ನಡೆಯಿತು. ದೊಡ್ಡಕ್ಕನಿಗೆ ಎಚ್ಚರಿಕೆಯ ಪತ್ರ ಬಂತು. ಮೂಳೆ ಡಾಕ್ಟರು ಹೆಬ್ಬೆರಳಿಗೆ ಪಟ್ಟಿ ಕಟ್ಟಿದರು. ಕೂಸಿನ ಮನೆಯವರಿಗೆ ಎಲ್ಲ ತಿಳಿಸಬೇಕೆಂದು ದೊಡ್ಡಕ್ಕ ಹಟ ಹಿಡಿದಳು. ಆ ತಂದೆ ಬಂದು, ದೊಡ್ಡ ಡಾಕ್ಟರ ಪಕ್ಕ ಕೂತಿದ್ದ ಅವಳ ಮಾತು ಪೂರ್ತಿ ಕೇಳಿಸಿಕೊಂಡು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಮುಂದಿನ ತಂಡದ ತರಬೇತಿಯ ದಿನ ವಾರ್ಡಿನ ನಾಲ್ಕು ಹುಡುಗಿಯರು ಕೆಳಗೆ ಹೋದರು. ಹನ್ನೊಂದು ಹಾಸಿಗೆಗೆ ದೊಡ್ಡಕ್ಕ ಮತ್ತು ಪಕ್ಕದ ವಾರ್ಡಿನಿಂದ ಎರವಲು ಬಂದ ಒಬ್ಬಳು. ಮೂರನೇ ಹಾಸಿಗೆಯ ಮಗು ವಾಂತಿ ಮಾಡಿತು. ಏಳನೆಯದರ ಡ್ರಿಪ್ ಮುಗಿಯಿತು. ಒಂಬತ್ತನೆಯದರ ಅಜ್ಜಿ, ಬಿಸಿನೀರು ಕೇಳಿ ಅರ್ಧ ಗಂಟೆಯಾಯಿತೆಂದು ಕೂಗಾಡಿದಳು. ಎರವಲು ಬಂದವಳು ಫೋನಿಗೆ ಕೈ ಹಾಕಿ, "ಒಬ್ಬಳನ್ನಾದ್ರೂ ಕರೆಯೋಣ ಅಕ್ಕ" ಎಂದಳು.

"ಇಡು ಅದನ್ನ. ಅವರು ಕೂತು ಕಲೀಲಿ."

ಹುಡುಗಿಯರು ಮಧ್ಯಾಹ್ನ ಕಳೆದು ಮೇಲೆ ಬಂದಾಗ ಎಲ್ಲ ಹಾಸಿಗೆಗಳ ಔಷಧಿ ಮುಗಿದಿತ್ತು. ಇಬ್ಬರು ಮಕ್ಕಳಿಗೆ ಮಾತ್ರ ಹತ್ತು ನಿಮಿಷ ತಡವಾಗಿತ್ತು. ಅದನ್ನೂ ಅವಳು ಬರೆದಿಟ್ಟಿದ್ದಳು.

ಸಂಜೆ ಮನೆಯಲ್ಲಿ ಗಂಡ ಬಾಗಿಲು ತೆರೆದ. ಅವಳು ಚಪ್ಪಲಿ ಬಿಚ್ಚಲು ಬಗ್ಗಿದವಳು ಹೊಸಿಲ ಹತ್ತಿರವೇ ಕುಸಿದು ಕೂತಳು.

"ಏನಾಯ್ತೇ?"

"ಕಾಲು ಬಿದ್ದೇಹೋಗೋ ಹಾಗೆ ನೋಯ್ತಿದೆ ಕಣ್ರೀ," ಎಂದಳು. "ನಿಂತು ನಿಂತು."

ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ದೂರು. ಅವನು ಒಳಗೆ ಹೋಗಿ ನೀರು ಕಾಯಲಿಟ್ಟ. ಅವಳು ಅಲ್ಲೇ ಕೂತು, ಒಲೆ ಹೊತ್ತಿದ ಸದ್ದು ಕೇಳುತ್ತ, ಎರಡೂ ಪಾದಗಳನ್ನು ನೆಲಕ್ಕೆ ಊರಿ ನೋಯಲು ಬಿಟ್ಟಳು.