ಎಡಗಾಲಿನ ಅಳತೆ

ಈ ಕಥೆಯನ್ನು ಮೊದಲು ಹೇಳಿದವಳು ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಮುದುಕಿ. ಹೇಳಿದ್ದು ಕಳೆದ ಬೇಸಿಗೆಯ ಒಂದು ಸಂಜೆ, ಕರೆಂಟು ಹೋಗಿ ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದಾಗ. ಆಮೇಲೆ ಇದೇ ಕಥೆಯನ್ನು ಬಸ್ ಡಿಪೋದಲ್ಲಿಯೂ ಕೇಳಿದ್ದೇನೆ. ಅಲ್ಲಿಯವರು ಸಿಟ್ಟನ್ನು ಸೋಸಿ ತೆಗೆದು ನಗುವನ್ನಷ್ಟೇ ಉಳಿಸಿಕೊಂಡಿದ್ದಾರೆ. ಆದ್ದರಿಂದ ಮುದುಕಿ ಹೇಳಿದಂತೆಯೇ ಇಲ್ಲಿ ಕೊಡುತ್ತೇನೆ.

ಆ ಅಂಗಡಿಯ ಒಡತಿಗೆ ಒಬ್ಬನೇ ತಮ್ಮ, ಬಸ್ ಚಾಲಕ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದರೂ ಆತುರಕ್ಕೆ ಬಿದ್ದು ಒಂದು ಗಾಡಿಯನ್ನೂ ಹಿಂದೆ ಹಾಕಿದವನಲ್ಲ. ಡಿಪೋದಲ್ಲಿ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಮೆಟ್ಟಿಲಿನಿಂದ ಜಾರಿ ಬಿದ್ದು ಅವನ ಎಡಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಿಕೊಂಡಿತು, ತೊಡೆ ಸೊರಗಿತು. ಬಸ್ಸಿನ ಕ್ಲಚ್ ತುಳಿಯಬೇಕಾದದ್ದು ಆ ಕಾಲೇ. ಡಿಪೋದವರು ಪರೀಕ್ಷೆಗೆ ಎರಡು ಅವಕಾಶ ಕೊಟ್ಟರು: ಏರಿನಲ್ಲಿ ನಿಲ್ಲಿಸಿದ ಬಸ್ಸನ್ನು ಹಿಂದಕ್ಕೆ ಜಾರಗೊಡದೆ ಮುಂದಕ್ಕೆ ತೆಗೆಯಬೇಕು. ಎರಡರಲ್ಲೂ ಸೋತರೆ ಸ್ಟೀರಿಂಗಿನ ಋಣ ತೀರಿತು. ನಿವೃತ್ತಿಯವರೆಗೆ ಗೇಟಿನಲ್ಲಿ ಕುಳಿತು ಬೇರೆಯವರು ಓಡಿಸುವ ಬಸ್ಸುಗಳ ನಂಬರು ಬರೆಯುವುದೇ ಕೆಲಸ.

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲೊಂದಿತ್ತು. ಅದರ ಮುಂದೆ ಟಿವಿ. ಪೆಡಲು ತುಳಿದಷ್ಟೂ ಪರದೆಯ ಮೇಲೆ ಕಾರು ಓಡುವ ವಿಡಿಯೋ ಗೇಮು. ರೋಗಿಗಳಿಗೆ ಬೇಸರ ಬಾರದಿರಲೆಂದು, ವ್ಯಾಯಾಮ ಮಾಡಿಸುವ ಫಿಸಿಯೋ ಅದನ್ನು ತರಿಸಿದ್ದ. ಪ್ರತಿ ವಾರದ ಅಂಕಗಳನ್ನು ಗೋಡೆಗೆ ಅಂಟಿಸುತ್ತಿದ್ದ. ಜನ್ಮವಿಡೀ ದಾರಿ ಬಿಟ್ಟುಕೊಟ್ಟವನಿಗೆ ಅಲ್ಲಿ ಹುಚ್ಚು ಹಿಡಿಯಿತು. ಎಡಕ್ಕೆ ಒಬ್ಬನನ್ನು, ಬಲಕ್ಕೆ ಇಬ್ಬರನ್ನು ಹಿಂದೆ ಹಾಕಿ ಬೆವರು ಸುರಿಸುತ್ತ ಇಳಿಯುತ್ತಿದ್ದ. ಮೂರನೆಯ ವಾರಕ್ಕೆ ಪಟ್ಟಿಯಲ್ಲಿ ಅವನದೇ ಹೆಸರು ಮೊದಲು. ಫಿಸಿಯೋ ಅಂಕ ನೋಡಿದ, ವರದಿಯಲ್ಲಿ 'ಉತ್ತಮ ಪ್ರಗತಿ' ಎಂದು ಬರೆದ. ಹೀಗೆ ಎರಡು ತಿಂಗಳು.

ಮೊದಲ ಪರೀಕ್ಷೆಯ ದಿನ ಏರಿನಲ್ಲಿ ಎಡಗಾಲು ಗಡಗಡ ನಡುಗಿತು. ಬಸ್ಸು ಹಿಂದಕ್ಕೆ ಜಾರಿತು. ಪಕ್ಕದಲ್ಲಿದ್ದ ಅಧಿಕಾರಿ ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ಹಿಂದಿನ ಗೋಡೆ ಉಳಿಯುತ್ತಿರಲಿಲ್ಲ. ಇಳಿದು ಬರುವಾಗ, ಆಸ್ಪತ್ರೆಯ ಗೇಮಿನ ಸುದ್ದಿ ಕೇಳಿದ್ದ ಒಬ್ಬ ಕಿರಿಯ ಚಾಲಕ ಎಲ್ಲರಿಗೂ ಕೇಳುವಂತೆ ಅಂದ:

"ಗೇಮಲ್ಲಿ ಫಸ್ಟು, ಗೇರಲ್ಲಿ ಲಾಸ್ಟು."

ನಿಧಾನಪ್ಪ ನೇರ ಅಕ್ಕನ ಅಂಗಡಿಗೆ ಬಂದು, ಪುಸ್ತಕದಲ್ಲಿದ್ದ ಹಳೆಯ ಅಳತೆಗೆ ಅವಳು ಹೊಸದಾಗಿ ಹೊಲಿದುಕೊಟ್ಟಿದ್ದ ಸಮವಸ್ತ್ರದ ಪ್ಯಾಂಟನ್ನು ಚೀಲದಿಂದ ತೆಗೆದು ಅವಳ ಮುಂದೆ ಬಿಸಾಡಿದ. ಬೆಳಿಗ್ಗೆ ಅದನ್ನು ಹಾಕಿಕೊಳ್ಳಲು ಹೋದರೆ ಬಲತೊಡೆಗೆ ಹತ್ತಲೇ ಇಲ್ಲ, ಸಡಿಲಾಗಿದ್ದ ಹಳೆಯದನ್ನೇ ಏರಿಸಿಕೊಂಡು ಹೋದೆ, ನಿನ್ನ ಕೈಯೂ ಕೆಟ್ಟಿತು ಎಂದು ರೇಗಿದ. ಅಕ್ಕನಿಗೆ ಬೈದದ್ದು ನಾಟಲಿಲ್ಲ, ಅಳತೆ ತಪ್ಪಿತೆಂದದ್ದು ನಾಟಿತು. ಟೇಪು ಹಿಡಿದು ಅಳೆದಳು, ಹಳೆಯ ಅಳತೆ ಪುಸ್ತಕ ತೆಗೆದಳು. ಬಲತೊಡೆ ಒಂದಿಂಚು ದಪ್ಪವಾಗಿತ್ತು. ಎಡತೊಡೆ ಅರ್ಧ ಇಂಚು ಇಳಿದಿತ್ತು.

ಕುರ್ಚಿಯಲ್ಲಿ ಕೂರಿಸಿ, ಆಸ್ಪತ್ರೆಯಲ್ಲಿ ಹೇಗೆ ತುಳಿಯುತ್ತೀಯೋ ಹಾಗೆ ತುಳಿದು ತೋರಿಸು ಎಂದಳು. ಅವನು ಇಲ್ಲದ ಸ್ಟೀರಿಂಗ್ ಹಿಡಿದು ಬಲಗಾಲನ್ನು ಒತ್ತಿದ. ಎಡಗಾಲು ಮೂಟೆಯಂತೆ ಬಿದ್ದಿತ್ತು.

"ಎಡಗಾಲು ಏನ್ ಮಾಡ್ತಿರುತ್ತೋ?"

"ಗೇರ್ ಬದಲಾಯಿಸೋ ತನಕ ಅದಕ್ಕೇನಕ್ಕಾ ಕೆಲಸ?"

"ಆ ಗೇಮಲ್ಲಿ ಗೇರ್ ಇದ್ಯಾ?"

ಗೇಮಿನಲ್ಲಿ ಗೇರೇ ಇರಲಿಲ್ಲ. ಪೆಡಲಿಗೆ ಪಾದ ಬಿಗಿಯುವ ಪಟ್ಟಿಯಿತ್ತು. ಬಲಗಾಲೇ ಒತ್ತಿ, ಬಲಗಾಲೇ ಎತ್ತಿ, ಎಡಗಾಲನ್ನು ಪ್ರಯಾಣಿಕನಂತೆ ಸುತ್ತಿಸಿತ್ತು. ಪರದೆಯ ಮೇಲೆ ರಸ್ತೆ ಕಂಡೊಡನೆ, ಬಲಗಾಲಿನಲ್ಲೇ ವೇಗ ಒತ್ತುವ ಇಪ್ಪತ್ತೆರಡು ವರ್ಷದ ಅಭ್ಯಾಸ ತಾನಾಗಿ ಬಂದು ಕೂತಿತ್ತು.

ಅಕ್ಕ ಕೊರಳಲ್ಲಿ ಟೇಪು ಇದ್ದ ಹಾಗೇ, ತಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ನಡೆದಳು. ಫಿಸಿಯೋ ಮೊದಲು ವರದಿ ತೋರಿಸಿದ, ಆಮೇಲೆ ಗೋಡೆಯ ಪಟ್ಟಿ ತೋರಿಸಿದ. ದಿನಕ್ಕೆ ಮೂವತ್ತು ಜನ ಬರುತ್ತಾರೆ, ತುಳಿದದ್ದು ಯಾವ ಕಾಲೆಂದು ಯಂತ್ರಕ್ಕೆ ತಿಳಿಯುವುದಿಲ್ಲ ಎಂದ.

"ಯಂತ್ರಕ್ಕೆ ತಿಳಿಯಲ್ಲ, ಒಪ್ಪಿದೆ. ಎರಡು ತಿಂಗಳಲ್ಲಿ ಒಂದ್ಸಲನಾದ್ರೂ ಇವನ ತೊಡೆ ಮುಟ್ಟಿ ನೋಡಿದ್ರಾ? ನಾನು ಪ್ಯಾಂಟಿಗೇ ಎರಡು ಸಲ ಅಳೀತೀನಿ ಸ್ವಾಮಿ. ನೀವು ಕಾಲಿಗೆ ಒಂದ್ಸಲನೂ ಅಳೀಲಿಲ್ಲ."

ಫಿಸಿಯೋಗೂ ಸಿಟ್ಟು ನೆತ್ತಿಗೇರಿತು. ನಿಮ್ಮ ತಮ್ಮನೇನು ಎಳೆ ಮಗುವೇ, ಸಮಯ ಮುಗಿಯಿತೆಂದರೂ ಇಳಿಯದೆ ಇನ್ನೊಂದಾಟ ಇನ್ನೊಂದಾಟ ಎಂದು ಪೀಡಿಸಿದವನು ಇವನೇ ಎಂದ. ಆ ಮಾತೂ ಸುಳ್ಳಲ್ಲವೆಂದು ಅಕ್ಕನಿಗೆ ಗೊತ್ತಾಯಿತು. ತಮ್ಮನ ಕಡೆ ತಿರುಗಿದಳು.

"ಕಾಲು ನಿಂದು. ನೋಯ್ತಿಲ್ಲ ಅಂದಾಗಲೇ ನಿಂಗೆ ಅನುಮಾನ ಬರಬೇಕಿತ್ತು."

ಎರಡನೆಯ ಪರೀಕ್ಷೆಗೆ ಉಳಿದದ್ದು ಆರು ವಾರ. ಬಲಗಾಲನ್ನು ಪೆಡಲಿನಿಂದ ಬಿಡಿಸಿ ಸ್ಟೂಲಿನ ಮೇಲೆ ಇಡಿಸಿದರು. ಎಡಗಾಲು ಒಂದೇ ತುಳಿಯಿತು. ಕಾರು ತೆವಳಿತು. ಟಿವಿ ಆರಿಸಿ ಎಂದು ನಿಧಾನಪ್ಪ ಗೋಗರೆದ; ಅಕ್ಕ ಆರಿಸಗೊಡಲಿಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಾದ ಎಪ್ಪತ್ತರ ಅಜ್ಜಿಯೊಬ್ಬಳು ಅಂಕಗಳಲ್ಲಿ ಅವನನ್ನು ಹಿಂದೆ ಹಾಕಿದಳು, ಅಯ್ಯೋ ಪಾಪ ಎಂದೂ ಅಂದಳು. ಅವನ ಹೆಸರು ಪಟ್ಟಿಯ ಬುಡಕ್ಕೆ ಬಿತ್ತು. ನೋವಿಗೂ ಅವಮಾನಕ್ಕೂ ಹಲ್ಲು ಕಚ್ಚಿ, ಅಕ್ಕನನ್ನು, ಫಿಸಿಯೋನನ್ನು, ಆ ಕಾರನ್ನು ಶಪಿಸುತ್ತ ತುಳಿದ. ಪ್ರತಿ ಶನಿವಾರ ಅಕ್ಕ ಅಳೆದು ಹೇಳುವಳು. ಫಿಸಿಯೋ ಅವಳ ಮುಖ ನೋಡದೆ ವರದಿಯಲ್ಲಿ ಇಂಚುಗಳನ್ನು ಬರೆದುಕೊಳ್ಳುವನು. ಮೂವರಲ್ಲಿ ಯಾರೂ ಯಾರೊಡನೆಯೂ ರಾಜಿಯಾಗಲಿಲ್ಲ.

ಪರೀಕ್ಷೆಯ ದಿನ ಏರಿನಲ್ಲಿ ಕಾಲು ಮತ್ತೆ ನಡುಗಿತು, ಆದರೆ ಸೋಲಲಿಲ್ಲ. ಬಸ್ಸು ಒಂದು ಗೇಣೂ ಹಿಂದೆ ಸರಿಯದೆ ಮುಂದೆ ಹೊರಟಿತು. ಅಧಿಕಾರಿ ಸಹಿ ಹಾಕಿದ.

ನಿಧಾನಪ್ಪ ಆ ಸಂಜೆಯೇ ಫಿಸಿಯೋಗೆ ಸಿಹಿ ಕೊಟ್ಟು ಕೈಮುಗಿದನೆಂದು ಡಿಪೋದವರು ಹೇಳುತ್ತಾರೆ. ಕರೆಂಟು ಹೋದ ಆ ಸಂಜೆ ಅಂಗಡಿಯಲ್ಲಿ ಕಥೆ ಕೇಳುತ್ತ ಕುಳಿತಿದ್ದ ಹೆಂಗಸರಲ್ಲೊಬ್ಬಳೂ, ಸಿಹಿ ಕೊಟ್ಟದ್ದು ನಿಜವೇ ಎಂದು ಕೇಳಿದಳು. ಮುದುಕಿ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟಳು.

"ಯಾವುದಕ್ಕೆ ಸಿಹಿ? ಎರಡು ತಿಂಗಳು ಟಿವಿ ನೋಡಿದ್ದಕ್ಕಾ? ಅವತ್ತಿಂದ ಇವತ್ತಿನವರೆಗೂ ನಿಧಾನಪ್ಪ ಆ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ."

ಕರೆಂಟು ಇನ್ನು ಬರುವುದಿಲ್ಲವೆಂದು ಯಾರೋ ಅಂದರು. ಹೆಂಗಸರು ಮಡಿಲಿನ ದಾರದ ಚೂರುಗಳನ್ನು ಕೊಡವಿಕೊಂಡು ಎದ್ದರು. ತಂತಮ್ಮ ಚಪ್ಪಲಿಗಳನ್ನು ಕತ್ತಲಲ್ಲೇ ಕಾಲಿನಿಂದ ತಡವಿ ಹುಡುಕಿ, ಇಬ್ಬಿಬ್ಬರಾಗಿ ಮನೆಯ ದಾರಿ ಹಿಡಿದರು.