ಸಿಡಿದ ನಕ್ಷತ್ರದ ಮೊಳೆಗಳು

ಇಡೀ ಬೀದಿ ‘ಮೊಳೆ ಮಾವ’ ಅಂತ ಕರೆಯುತ್ತಿದ್ದ ಕಬ್ಬಿಣದಂಗಡಿಯವನಿಗೆ ಎದುರಂಗಡಿಯ ಷಡ್ಡಕನನ್ನು ಕಂಡರೆ ಮೈಯೆಲ್ಲ ಉರಿ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರೂ ಎದುರುಬದುರು ಕೂತು ಅದೇ ಮೊಳೆ, ಅದೇ ಚಿಲಕ, ಅದೇ ಬೀಗ ಮಾರುತ್ತಿದ್ದರು. ಒಂದು ಏಣಿಯ ವಿಷಯಕ್ಕೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಹೆಂಡತಿಯರು ಮಾತ್ರ ದಿನಾ ಫೋನಿನಲ್ಲಿ ಗಂಡಂದಿರ ಸುದ್ದಿ ಹಂಚಿಕೊಂಡು ಹೊಟ್ಟೆ ತುಂಬ ನಗುತ್ತಿದ್ದರು.

ಮಾವನ ಮಗಳಿಗೆ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡುವ ಕೆಲಸ. ರಜೆಗೆ ಬಂದವಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನಿಗೆ ಕಬ್ಬಿಣದ ಜಾತಕ ಬಿಚ್ಚಿಟ್ಟಳು. ದೊಡ್ಡ ನಕ್ಷತ್ರದ ಹೊಟ್ಟೆಯಲ್ಲಿ ಹಗುರ ವಸ್ತುಗಳು ಬೆಸೆದುಕೊಂಡು ಭಾರದವಾಗುತ್ತವಂತೆ. ಕಬ್ಬಿಣದ ತನಕ ಬಂದ ಮೇಲೆ ಒಲೆ ಆರಿಹೋಗಿ, ನಕ್ಷತ್ರ ತನ್ನ ಭಾರ ತಾನೇ ತಾಳಲಾರದೆ ಕುಸಿದು ಸಿಡಿಯುತ್ತದಂತೆ. ಆ ಸಿಡಿತದ ಕಾವಿನಲ್ಲಿ ಇನ್ನಷ್ಟು ಲೋಹ ಹುಟ್ಟಿ, ಎಲ್ಲವೂ ಆಕಾಶದ ತುಂಬ ಚೆದುರಿ, ಅಂಥ ಧೂಳಿನಿಂದಲೇ ಈ ಭೂಮಿ ಆದದ್ದಂತೆ. ಮಾವ ಕೈ ತೊಳೆಯುವುದನ್ನೂ ಮರೆತು ಕೂತ.

ಮರುದಿನ ಅಂಗಡಿಯ ಮೇಲೆ ಬೋರ್ಡು ಏರಿತು: ‘ನಕ್ಷತ್ರ ಸಿಡಿದು ಹುಟ್ಟಿದ ಮೊಳೆಗಳು. ನಮ್ಮಲ್ಲಿ ಮಾತ್ರ.’ ಕೊನೆಯ ಎರಡು ಪದಕ್ಕೆ ಕೆಂಪು ಬಣ್ಣ. ಮಗಳು ಹಣೆ ಚಚ್ಚಿಕೊಂಡಳು. ಮಾವ ಕಾಣದವನಂತೆ ಮೀಸೆಯಲ್ಲೇ ನಕ್ಕ. ವಾರದೊಳಗೆ ಚಿಲಕ ಬೇಕಾದವರೂ ಮೊಳೆ ಒಯ್ದರು.

ಷಡ್ಡಕ ಸುಮ್ಮನಿರುವ ಆಸಾಮಿಯಲ್ಲ. ಗಿರಾಕಿಗಳಿಗೆ ಮೋಸವಾಗುತ್ತಿದೆ ಎಂದು ದೂರು ಬರೆದ. ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರಮ್ಮ ಕಡತ ಹಿಡಿದು ಬಂದೇಬಿಟ್ಟರು. ಷಡ್ಡಕ ತನ್ನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ.

“ಆ ನಕ್ಷತ್ರದ ಹತ್ತಿರ ಹೋಗಿ ನೋಡಿ ಬಂದವರು ಯಾರು?” ಅಂತ ಇನ್ಸ್‌ಪೆಕ್ಟರಮ್ಮ ಕೇಳಿದರು.

ಮಾವ ಮಗಳತ್ತ ತಿರುಗಿದ. ಮಗಳು ಅಂಗಡಿಯಲ್ಲಿ ಮಾರಾಟಕ್ಕಿದ್ದ ಪುಟ್ಟ ಸಿಲಿಂಡರಿನ ಗ್ಯಾಸ್ ಒಲೆ ಹಚ್ಚಿ, ತಾಮ್ರದ ತಂತಿಯ ತುದಿಯನ್ನು ಅದಕ್ಕೆ ಹಿಡಿದಳು. ನೀಲಿ ಉರಿ ಹಸಿರಾಯಿತು. ಮಜ್ಜಿಗೆಗೆಂದು ಅಂಗಡಿಯಲ್ಲಿಟ್ಟಿದ್ದ ಉಪ್ಪನ್ನು ಚಿಟಿಕೆ ತೆಗೆದು ಉದುರಿಸಿದಾಗ ಹಳದಿಯಾಯಿತು. ಕಾದ ವಸ್ತು ಎಲ್ಲಿದ್ದರೂ ತನ್ನದೇ ಬಣ್ಣ ತೋರಿಸುತ್ತದೆ, ಸಿಡಿದ ನಕ್ಷತ್ರದ ಬೆಳಕಿನಲ್ಲಿ ಕಬ್ಬಿಣದ ಗುರುತನ್ನು ತಾನು ಎಷ್ಟೋ ಸಲ ಕಂಡಿದ್ದೇನೆ ಎಂದಳು. ಇನ್ಸ್‌ಪೆಕ್ಟರಮ್ಮ ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಉಪ್ಪು ಹಾಕಮ್ಮ ಎಂದರು. ಆಮೇಲೆ ತಾವೇ ಎರಡು ಸಲ ಹಾಕಿದರು. ಕಡತ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು.

ಮಾವ ಇನ್ನೇನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅವರು ಕೇಳಿದರು: “ಹಾಗಾದ್ರೆ ಎದುರಂಗಡಿ ಮೊಳೆ?”

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣಲ್ಲೇ ಬೇಡಿಕೊಂಡ.

“ಚಿಕ್ಕಪ್ಪನದೂ ಅಲ್ಲಿಂದಲೇ ಬಂದದ್ದು, ಮೇಡಂ. ನಿಮ್ಮ ರಕ್ತದಲ್ಲಿರೋ ಕಬ್ಬಿಣವೂ.”

ಹೇಳಿದ್ದು ಸತ್ಯ, ‘ನಮ್ಮಲ್ಲಿ ಮಾತ್ರ’ ಎಂಬುದನ್ನು ಅಳಿಸತಕ್ಕದ್ದು ಎಂದು ಬರೆದು, ರುಜು ಹಾಕಿ ಇನ್ಸ್‌ಪೆಕ್ಟರಮ್ಮ ಹೊರಟರು. ಹೆತ್ತ ಮಗಳೇ ಶತ್ರುವಿನ ಪರ ಸಾಕ್ಷಿ ಹೇಳಿದಳಲ್ಲ ಎಂದು ಮಾವ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದ.

ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಹೊಸ ಬೋರ್ಡು: ‘ಇಲ್ಲಿಯೂ ಸಿಡಿದ ನಕ್ಷತ್ರದ ಮಾಲು. ನಮ್ಮ ನಕ್ಷತ್ರ ಇನ್ನೂ ದೊಡ್ಡದು.’

ಮಾವನಿಗೆ ತಡೆಯಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿ, ನಾಲ್ಕು ವರ್ಷದ ಮೇಲೆ ಮೊದಲ ಸಲ ಷಡ್ಡಕನ ಅಂಗಡಿಗೆ ಕಾಲಿಟ್ಟ.

“ಯಾವ ನಕ್ಷತ್ರ, ತೋರಿಸು.”

“ಮೊದಲು ನಿಮ್ಮದನ್ನ ತೋರಿಸಿ, ಭಾವ.”

ಹೀಗೆ ಶುರುವಾದದ್ದು ನಡುಮಧ್ಯಾಹ್ನದವರೆಗೂ ನಡೆಯಿತು. ನಡುವೆ ಷಡ್ಡಕ ಎರಡು ಸಲ ಟೀ ತರಿಸಿದ. ಎರಡನ್ನೂ ಕುಡಿಯುವಾಗ ಮಾವ ಮುಖ ಗಂಟಿಕ್ಕಿಕೊಂಡೇ ಇದ್ದ. ಗಿರಾಕಿಗಳು ಎರಡೂ ಅಂಗಡಿಗಳಲ್ಲಿ ಕೇಳುವವರಿಲ್ಲದೆ, ಬೇಕಾದದ್ದನ್ನು ತಾವೇ ಹುಡುಕಿಕೊಂಡರು.

ತಡವಾಗಿ ಊಟಕ್ಕೆ ಬಂದ ಗಂಡನನ್ನು ಹೆಂಡತಿ ವಿಚಾರಿಸಿದಳು. ತಂಗಿ ಆಗಲೇ ಫೋನಿನಲ್ಲಿ ಎಲ್ಲ ಹೇಳಿಯಾಗಿತ್ತು.

“ಮಾತಾಡಿದ್ರಂತೆ?”

“ಮಾತೆಲ್ಲಿ ಆಡಿದೆ? ಜಗಳ ಆಡಿದೆ ಅಷ್ಟೆ,” ಎಂದ ಮಾವ. “ಇನ್ನೂ ಮುಗಿದಿಲ್ಲ. ನಾಳೆ ಬೇಗ ಹೋಗಬೇಕು.”