ಎಣ್ಣೆ ಕುಡಿದ ಹಲಗೆ

ದೋಣಿಯ ನೆಲದ ಹಲಗೆಯ ಮೇಲೆ ಚಿಮುಕಿಸಿದ ನೀರು ಇಂಗಲಿಲ್ಲ. ಹೆಸರುಕಾಳಿನಷ್ಟು ದುಂಡಗೆ ನಿಂತುಕೊಂಡಿತು. ಫಮಾವು ಬೆರಳಿನಿಂದ ತಳ್ಳಿದರೆ ಆಚೆಗೆ ಉರುಳಿ, ಅಲ್ಲೂ ದುಂಡಗೇ ಕೂತಿತು. ಅವನು ನಾಲ್ಕು ಹಲಗೆ ದಾಟಿ ಮತ್ತೆ ಚಿಮುಕಿಸಿದ. ಅಲ್ಲೂ ಅದೇ. ಇಂಜಿನ್ ಪೆಟ್ಟಿಗೆಯ ಪಕ್ಕ, ಹಿಂಬದಿ, ಜನ ಏಣಿಯಿಂದ ಕಾಲಿಡುವ ಜಾಗ, ಎಲ್ಲ ಕಡೆಯೂ ಅದೇ ಕಥೆ. ನಿನ್ನೆ ಸಂಜೆ ಇದೇ ಹಲಗೆಗಳು ಬಿಟ್ಟ ನೀರನ್ನೆಲ್ಲ ಕುಡಿದು ಕಪ್ಪಗಾಗಿದ್ದವು. ಅದನ್ನು ಕಣ್ಣಾರೆ ನೋಡಿಯೇ ಅವನು ಮನೆಗೆ ಹೋಗಿದ್ದ.

ಅವನು ಬಗ್ಗಿ ಮರಕ್ಕೆ ಮೂಗು ತಾಗಿಸಿದ. ಶಾರ್ಕ್ ಎಣ್ಣೆ. ಶಾರ್ಕ್ ಮೀನಿನ ಈಲಿಯನ್ನು ಬಿಸಿಲಲ್ಲಿ ಕೊಳೆಸಿ, ಕಾಯಿಸಿ, ಎಣ್ಣೆ ತೆಗೆಯುವವರು ಈಗ ಇಡೀ ಪಾಟೆ ದ್ವೀಪದಲ್ಲಿ ನಾಲ್ಕೈದು ಜನ ಇದ್ದಾರು. ಈ ಊರಲ್ಲಿ ಇರುವುದು ಒಬ್ಬರೇ. ಆ ಒಬ್ಬರು, ಅವನ ಅಪ್ಪ, ದೋಣಿಯ ನೆರಳಿನಲ್ಲಿ ಮರಳ ಮೇಲೆ ಕಾಲು ಚಾಚಿ ಕೂತು ಕರಿದ ಮಹಮ್ರಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಮೊಣಕೈವರೆಗೂ ಎಣ್ಣೆ ಮಿರಮಿರ ಮಿಂಚುತ್ತಿತ್ತು.

"ಬಾಬಾ, ಬೆಳಗ್ಗೆ ದೋಣಿ ಹತ್ತಿದ್ರಾ?"

"ಹತ್ತದೆ? ನಾನು ಕಟ್ಟಿದ ದೋಣಿ. ಹತ್ತೋಕೆ ನಿನ್ನ ಅಪ್ಪಣೆ ಚೀಟಿ ಬೇಕಾ?" ಮುದುಕ ಶೆಕುವೆ ಕತ್ತೆತ್ತಿ ನಕ್ಕರು. ಎಂಬತ್ತರ ಹತ್ತಿರದ ಆ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿ ತುಂಬಿ ತುಳುಕುತ್ತಿತ್ತು. "ಮರ ಒಣಗಿ ಬಿಳಿಚಿಕೊಂಡು ಬಿದ್ದಿತ್ತು ಕಣೋ, ಜ್ವರ ಬಂದವನ ತುಟಿ ಥರ. ನೋಡೋಕಾಗ್ಲಿಲ್ಲ. ಫಜರ್ ನಮಾಜ್ ಮುಗಿಸಿ ಬಂದೆ, ಯಾಸೀನ್ ಸೂರಾ ಓದ್ಕೊಂಡು ಒಂದೊಂದು ಹಲಗೆಗೂ ಎರಡೆರಡು ಸಲ ಹಚ್ಚಿದೆ. ಶುಕ್ರವಾರ ಅದರ ಮೇಲೆ ನನ್ನ ಮಗಳು ಕೂತ್ಕೊಂಡು ಹೋಗ್ಬೇಕು. ಎಣ್ಣೆ ತೋರಿಸದೆ ಯಾವತ್ತಾದ್ರೂ ದೋಣಿ ನೀರಿಗೆ ಇಳಿಸಿದ್ದೀವಾ ನಾವು?"

"ಎಣ್ಣೆ ಮೇಲೆ ರಬ್ಬರ್ ಹಾಳೆಯ ಅಂಟು ಹಿಡಿಯಲ್ಲ ಬಾಬಾ! ನಾನು ಆರು ದಿನ ಕೆರೆದಿದ್ದು ಯಾಕೆ ಅಂದ್ಕೊಂಡ್ರಿ?"

"ಗಲೀಜು ತೆಗೀತಾ ಇದೀಯ ಅಂದ್ಕೊಂಡೆ." ಮುದುಕ ಚಹಾ ಕೆಳಗಿಟ್ಟರು. "ಹಿಡಿಯಲ್ಲ ಅಂದ್ರೆ ಅಂಟು ಕೆಟ್ಟದ್ದು. ಮರ ಏನು ತಪ್ಪು ಮಾಡ್ತು?"

ಫಮಾವುವಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ಕುತ್ತಿಗೆಪಟ್ಟಿ ಹಿಡಿಯಬಹುದಿತ್ತು. ಯಾಸೀನ್ ಓದುತ್ತ ಎಣ್ಣೆ ಹಚ್ಚಿದ ಅಪ್ಪನನ್ನು ಏನು ಮಾಡುವುದು? ಅವನು ಕಾಲು ಸುಟ್ಟ ಬೆಕ್ಕಿನ ಹಾಗೆ ದೋಣಿಯ ಸುತ್ತ ಎರಡು ಸುತ್ತು ಹಾಕಿದ. ತೆಂಕಣ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ತರುವ ಕೂಸಿ ಗಾಳಿ ಇನ್ನೇನು ಶುರುವಾಗಬೇಕು.

ಇವತ್ತು ಮಂಗಳವಾರ. 'ತವಕ್ಕಲ್' ದೋಣಿಯನ್ನು ಹುಣ್ಣಿಮೆಯ ಉಬ್ಬರದಲ್ಲಿ ಮೇಲೆಳೆದು ನಿಲ್ಲಿಸಿದ್ದರು. ಅಮಾವಾಸ್ಯೆಯ ಉಬ್ಬರ ಶುಕ್ರವಾರ ಬೆಳಗ್ಗೆ. ಆವತ್ತು ತೇಲಿಸದಿದ್ದರೆ ಇಷ್ಟು ಮೇಲಕ್ಕೆ ನೀರು ಬರುವುದು ಮತ್ತೆ ಹದಿನೈದು ದಿನಕ್ಕೆ. ತುಂಬು ಬಸುರಿ ತಂಗಿ ತಿಮಾಗೆ ಅಷ್ಟು ದಿನ ಇರಲಿಲ್ಲ. ಕಡಲಾಚೆಯ ಲಾಮುವಿನ ಆಸ್ಪತ್ರೆಯ ಡಾಕ್ಟರಮ್ಮ ಹೋದ ತಿಂಗಳೇ ಹೇಳಿದ್ದಳು: ಮಗು ಅಡ್ಡ ಇದೆ, ಆಪರೇಷನ್ ಆಗಲೇಬೇಕು, ಶುಕ್ರವಾರದೊಳಗೆ ಬಂದು ಸೇರಿಕೊಳ್ಳಿ, ಮನೆಯಲ್ಲಿ ಇಟ್ಟುಕೊಂಡರೆ ತಾಯಿಯೂ ಉಳಿಯುವುದಿಲ್ಲ. ಮೀನಿನ ಸಣ್ಣ ದೋಣಿಗಳಲ್ಲಿ, ಕೂಸಿ ಅಲೆಯಲ್ಲಿ, ಆ ಹೊಟ್ಟೆ ಹೊತ್ತು ಹೋಗುವುದು ಆಗದ ಮಾತು. ತವಕ್ಕಲ್ ಒಂದೇ ದಾರಿ. ಆದರೆ ತಿಮಾ ಮೂರು ವರ್ಷದಿಂದ ತವಕ್ಕಲ್ ಕಡೆ ಮುಖವನ್ನೇ ಹಾಕಿರಲಿಲ್ಲ. "ಸತ್ತರೆ ಮನೆಯಲ್ಲೇ ಸಾಯ್ತೀನಿ, ಆ ದೋಣಿ ಮಾತ್ರ ಹತ್ತಲ್ಲ" ಅಂದವಳು ಗಂಡನ ಮಾತಿಗೂ ಜಗ್ಗಲಿಲ್ಲ. ಕೊನೆಗೆ ಫಮಾವುವೇ ಹೋಗಿ, ರಬ್ಬರಿನ ನೆಲವನ್ನೆಲ್ಲ ಕಿತ್ತು ಹೊಸದು ಹಾಕುತ್ತೇನೆ, ನೀನೇ ಬಂದು ನೋಡು, ಆಮೇಲೆ ಹೇಳು ಅಂದಿದ್ದ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಮೂರು ವರ್ಷದ ಹಿಂದಿನ ನೆಲವನ್ನು ಹಾಕಿದ್ದೂ ಅವನೇ. ಆಗ ಬಳಸಿದ್ದು ಚಪ್ಪಲಿ ಹೊಲಿಯುವವರ ಹಳದಿ ಅಂಟು. ಎರಡೂ ಕಡೆ ಬಳಿದು, ಸ್ವಲ್ಪ ಆರಿಸಿ ಒತ್ತಿದರೆ ತಕ್ಷಣ ಕಚ್ಚಿಕೊಳ್ಳುತ್ತದೆ. ಮರುದಿನ ಮದುವೆ ದಿಬ್ಬಣ ಹೋಗಬೇಕಿತ್ತು, ಅವನಿಗೆ ಅವಸರ. ನಡುಮಧ್ಯಾಹ್ನದ ಬಿಸಿಲಿಗೆ ಆ ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತದೆ ಎಂದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಎಂಟು ತಿಂಗಳ ಬಸುರಿ ತಿಮಾಳ ಕಾಲಿಗೆ ಮೇಲೆದ್ದ ರಬ್ಬರಿನ ಅಂಚು ಸಿಕ್ಕಿತು. ಇಂಜಿನ್ ಪೆಟ್ಟಿಗೆಯ ಮೂಲೆಗೆ ಹೊಟ್ಟೆ ಬಡಿದು ಬಿದ್ದಳು. ಮಗು ಉಳಿಯಲಿಲ್ಲ. ಊರೆಲ್ಲ ಅಂಟು ಮಾರಿದ ಅಂಗಡಿಯವನಿಗೆ ಶಾಪ ಹಾಕಿತು. ಫಮಾವುವೂ ಹಾಕಿದ.

ಆಮೇಲೆ ಅವನು ಕಿಲಿಫಿಯ ದೋಣಿ ಕಾರ್ಖಾನೆಯಲ್ಲಿ ಎಂಟು ತಿಂಗಳು ದುಡಿದ. ಅಲ್ಲಿ ಕಲಿತದ್ದೇ ಈ ನೀರಿನ ಪರೀಕ್ಷೆ, ಈ ಎರಡು ಡಬ್ಬದ ಬೂದು ಅಂಟು. ಒಂದರಿಂದ ಎರಡು ಪಾಲು, ಇನ್ನೊಂದರಿಂದ ಒಂದು ಪಾಲು ಕಲಸಬೇಕು. ಕಲಸಿದ ಮೇಲೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಅಷ್ಟರಲ್ಲಿ ಅಂಚಿಗೆ ಹಲ್ಲಿರುವ ಕರಣೆಯಿಂದ ಮರದ ಮೇಲೆ ಎಳೆದು, ಹಾಳೆ ಹಾಸಿ, ನಡುವಿನಿಂದ ಅಂಚಿಗೆ ಗಾಳಿ ಒತ್ತಿ ತೆಗೆದು, ಮರಳಿನ ಮೂಟೆ ಹೇರಬೇಕು. ಒಂದು ಹಗಲು ಒಂದು ರಾತ್ರಿ ಮುಟ್ಟುವ ಹಾಗಿಲ್ಲ. ಹೋದ ವಾರ ಕೆರೆದ ಹಲಗೆಯ ಮೇಲೆ ಅಂಗೈಯಗಲದ ತುಂಡು ಅಂಟಿಸಿ, ಮರುದಿನ ಉಳಿ ಹಾಕಿ ಎಬ್ಬಿಸಿ ನೋಡಿದ್ದ. ಮರದ ಸಿಬಿರು ಸಮೇತ ಕಿತ್ತುಬಂದಿತ್ತು. ಅಂದರೆ ಮರ ಹರಿದರೂ ಅಂಟು ಬಿಡಲಿಲ್ಲ. ಆ ಸಂತೋಷಕ್ಕೆ ಅವನು ಆವತ್ತು ಎರಡು ತಟ್ಟೆ ಅನ್ನ ಉಂಡಿದ್ದ.

"ಮೆತ್ತಿಬಿಡೋ ಮಾರಾಯ," ಅಂದ ಅತುಮಾನಿ. ತವಕ್ಕಲ್ ನಡೆಸುವ ನಹೋದಾ ಅವನು. ಸಮುದ್ರದಲ್ಲಿ ಎಷ್ಟು ಎಚ್ಚರವೋ ದಡದಲ್ಲಿ ಅಷ್ಟೇ ಉಡಾಫೆ. "ಥಿನ್ನರಲ್ಲಿ ಮೇಲೆ ಮೇಲೆ ಒರೆಸು, ಮೆತ್ತು. ನೂರು ಮೂಟೆ ಮರಳು ಹೇರೋಣ. ಎಲ್ಲಿ ಹೋಗುತ್ತೆ ಅದು? ನಿನ್ನ ತಂಗಿ ಒಂದು ಸಲ ಹೋಗಿ ಬರೋವರೆಗೂ ಹಿಡಿದ್ರೆ ಸಾಕು. ಆಮೇಲೆ ನಿಧಾನಕ್ಕೆ ಕಿತ್ತು ಹಾಕು."

"ಹಿಡೀದಿದ್ರೆ?"

"ಇಷ್ಟೊಂದು ಯೋಚನೆ ಮಾಡೋನು ಬಡಗಿ ಯಾಕಾದೆ, ಖಾಜಿ ಆಗ್ಬೇಕಿತ್ತು."

ಮತ್ತೆ ಕೆರೆಯಲು ಒಬ್ಬನ ಕೈಗೆ ಮೂರು ದಿನ ಬೇಕು. ಇರುವುದೇ ಮೂರು ದಿನ. ಮೋಡ ನೋಡಿದ, ಮುದುಕನನ್ನು ನೋಡಿದ, ಡಬ್ಬಗಳನ್ನು ನೋಡಿದ. ಅವನ ಕೈ ತಾನಾಗಿಯೇ ಮುಚ್ಚಳ ತೆಗೆಯಿತು. ಬಟ್ಟಲಿಗೆ ಎರಡು ಪಾಲು, ಒಂದು ಪಾಲು. ಕೋಲಿನಿಂದ ಕಲಸತೊಡಗಿದ. ಸುಮ್ಮನೆ ನಿಲ್ಲುವುದಕ್ಕಿಂತ ಏನಾದರೊಂದು ಮಾಡುತ್ತಿದ್ದರೆ ಎದೆ ಸ್ವಲ್ಪ ಹಗುರ.

ಬಣ್ಣ ಒಂದಾಗುವಷ್ಟರಲ್ಲಿ ತಿಮಾ ಬಂದಳು. ಕಪ್ಪು ಬುಯ್‌ಬುಯ್ ನಿಲುವಂಗಿಯ ಮುಂದೆ ಹೊಟ್ಟೆ ತುಂಬಿ ನಿಂತಿತ್ತು. ಮರಳಲ್ಲಿ ಒಂದೊಂದೇ ಹೆಜ್ಜೆ ಇಡುತ್ತ, ಪ್ರತಿ ಹೆಜ್ಜೆಗೂ ನೆಲ ನೋಡುತ್ತ ಬಂದು, ಏಣಿಯಿಂದ ಹತ್ತು ಮಾರು ದೂರದಲ್ಲಿ ನಿಂತಳು.

"ಸಲಾಂ ಬಾಬಾ. ಅಣ್ಣ, ಬಂದು ನೋಡು ಅಂದಿದ್ದೆಯಲ್ಲ." ಅವಳು ಬಟ್ಟಲ ಕಡೆ ಕಣ್ಣು ಹಾಯಿಸಿದಳು. "ಹಿಡಿಯುತ್ತಾ?"

ಹಿಡಿಯುತ್ತೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇ ಇತ್ತು. ಹೋದ ಸಲವೂ ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದ. ಅತುಮಾನಿ ಅವಳ ಬೆನ್ನ ಹಿಂದಿನಿಂದ, ಹೇಳು ಹೇಳು ಎಂದು ಕಣ್ಣು ಮಿಟುಕಿಸುತ್ತಿದ್ದ.

"ಇಲ್ಲ," ಅಂದ ಫಮಾವು. "ಈಗ ಮೆತ್ತಿದ್ರೆ ಹಿಡಿಯಲ್ಲ. ಮರಕ್ಕೆ ಎಣ್ಣೆ ಬಿದ್ದಿದೆ."

"ನಾನು ಹಚ್ಚಿದೆ ಮಗಳೇ," ಅಂದರು ಮುದುಕ. ಈಗ ಅವರ ದನಿಯಲ್ಲಿ ಬೆಳಗಿನ ಹುಮ್ಮಸ್ಸು ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಬಾಯಿ ತೆರೆದ ಮೇಲೆ ಫಮಾವುವಿಗೆ ಮುಚ್ಚಲು ಬರಲಿಲ್ಲ. "ತಿಮಾ, ಹೋದ ಸಲ ನೀನು ಬೀಳೋ ಹಿಂದಿನ ಸಂಜೆ ಅಂಚು ಎದ್ದಿದ್ದನ್ನ ನಾನು ನೋಡಿದ್ದೆ. ಹಿಮ್ಮಡಿಯಲ್ಲಿ ಒತ್ತಿದೆ, ಕೂತ್ಕೊಳ್ತು. ನಾಳೆ ನೋಡೋಣ ಅಂತ ಮನೆಗೆ ಹೋದೆ."

ಅತುಮಾನಿಗೆ ಇದ್ದಕ್ಕಿದ್ದಂತೆ ಹಗ್ಗ ಸುತ್ತುವ ಕೆಲಸ ನೆನಪಾಯಿತು. ಮುದುಕ ಮತ್ತೆ ಎತ್ತಿಕೊಂಡಿದ್ದ ಚಹಾ ಬಾಯಿಗೂ ಹೋಗದೆ ಕೆಳಗೂ ಇಳಿಯದೆ ನಿಂತಿತು.

"ನೋಡಿದ್ದೆಯಾ?"

"ನೋಡಿದ್ದೆ."

"ಯಾವ ಅಂಚು?"

"ಇಂಜಿನ್ ಪೆಟ್ಟಿಗೆ ಪಕ್ಕದ್ದು."

ಫಮಾವುವಿನ ಕೈಯ ಬಟ್ಟಲು ಬೆಚ್ಚಗಾಗುತ್ತಿತ್ತು. ಅಂಟು ಗಟ್ಟಿಯಾಗುವ ಮುಂಚೆ ಹೀಗೆ ಬಿಸಿಯೇರುತ್ತದೆ. ಅವನಿಗೆ ಅದು ಗೊತ್ತಿದ್ದರೂ ಬಟ್ಟಲು ಕೆಳಗಿಡಲಿಲ್ಲ.

"ಮೂರು ವರ್ಷ ನಾನು ನನ್ನ ಕಾಲನ್ನೇ ಬೈಕೊಂಡು ಬದುಕಿದೀನಿ ಅಣ್ಣ," ಅಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನೆಲ ನೋಡ್ಕೊಂಡು ನಡಿಯೋಕೆ ಬಾರದವಳು ಅಂತ ಅತ್ತೆ ಅಂದಾಗೆಲ್ಲ, ಹೌದು ಅಂತ ತಲೆ ತಗ್ಗಿಸಿದೀನಿ. ನೀನೂ ಅಲ್ಲೇ ಇರ್ತಿದ್ದೆ. ನಮ್ಮನೆ ಚಾಪೆ ಮೇಲೆ ಕೂತು ಚಹಾ ಕುಡೀತಿದ್ದೆ. ಕೇಳಿಸ್ಕೊಂಡು ಲೋಟ ಕೆಳಗಿಡ್ತಿದ್ದೆ."

ಬಟ್ಟಲಿನಿಂದ ಸಣ್ಣಗೆ ಹೊಗೆ ಎದ್ದಿತು. ಅಂಗೈ ಚುರುಗುಟ್ಟಿ ಅವನು ಅದನ್ನು ಮರಳಿಗೆ ಬಿಟ್ಟ. ಕೋಲು ನೆಟ್ಟಗೆ ನಿಂತು ಅಂಟು ಕಲ್ಲಾಗಿತ್ತು. ತಲೆಯೆತ್ತಿ ನೋಡುವಷ್ಟರಲ್ಲಿ ತಿಮಾ ಬೆನ್ನು ತಿರುಗಿಸಿ ಊರಿನ ಕಡೆ ನಡೆಯುತ್ತಿದ್ದಳು, ಬಂದ ಹಾಗೆಯೇ, ಪ್ರತಿ ಹೆಜ್ಜೆಗೂ ನೆಲ ನೋಡುತ್ತ.

ಆ ನಡಿಗೆಯನ್ನು ಅವನು ಮೂರು ವರ್ಷದಿಂದ ನೋಡುತ್ತಲೇ ಇದ್ದ. ಹೆಂಗಸರು ಹಾಗೆ ನಡೆಯುತ್ತಾರೆ ಅಂದುಕೊಂಡಿದ್ದ. ತನ್ನ ಮೇಲೆ ತನಗೇ ಅಸಹ್ಯ ಉಕ್ಕಿಬಂದು ಅವನು ಅಲ್ಲೇ ಕುಕ್ಕರಿಸಿದ.

ಬೆನ್ನ ಹಿಂದೆ ಕರಕರ ಸದ್ದು ಕೇಳಿಸಿತು. ಶೆಕುವೆ ಯಾವ ಮಾಯದಲ್ಲೋ ಏಣಿ ಹತ್ತಿ, ಕೆರೆಯುವ ತಗಡು ಹಿಡಿದು, ಮಂಡಿಯೂರಿ ಕೂತಿದ್ದರು. "ಎಷ್ಟು ಆಳ ಹೋಗ್ಬೇಕು ಹೇಳು," ಅಂದರು, ಮಗನ ಮುಖ ನೋಡದೆ. "ಹಚ್ಚಿದವನು ನಾನು. ತೆಗೆಯೋದೂ ನನಗೆ ಬರುತ್ತೆ."

"ಅವಳು ಬರಲ್ಲ ಬಾಬಾ."

"ಬರಲ್ಲ ಅಂತ ಹೇಳಿ ಹೋದ್ಲಾ? ಇಲ್ವಲ್ಲ. ಕೆರಿ."

ಅತುಮಾನಿ ಬಲೆ ಹೊಲಿಯುತ್ತಿದ್ದ ಮೂವರನ್ನು ಬೈದು ಎಬ್ಬಿಸಿ ಕರೆತಂದ. ಒಂದು ಬಟ್ಟಲು ಅಂಟು ಹಾಳಾದದ್ದರಿಂದ ಉಳಿದದ್ದು ಮುಂಬದಿಗೆ ಸಾಲುವುದಿಲ್ಲ. ಜನ ಓಡಾಡುವ ಹಿಂಬದಿಗೂ ಇಂಜಿನ್ ಪೆಟ್ಟಿಗೆಯ ಸುತ್ತಕ್ಕೂ ಸಾಕು. ಅಷ್ಟನ್ನೇ ಸಂಜೆಯೊಳಗೆ ಕೆರೆದು, ನಾಳೆ ಬೆಳಗಿನ ತಂಪಿನಲ್ಲಿ ಅಂಟಿಸಿದರೆ ಶುಕ್ರವಾರದವರೆಗೆ ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಆರೂ ಜನ ಕೆರೆದರು, ಉಪ್ಪುಕಾಗದದಲ್ಲಿ ಉಜ್ಜಿದರು, ಥಿನ್ನರಿನಲ್ಲಿ ಒರೆಸಿದರು, ಕೊಳೆಯಾದ ಬಟ್ಟೆ ಎಸೆದು ಮತ್ತೆ ಒರೆಸಿದರು. ಮುದುಕ ತನ್ನ ಎಣ್ಣೆಯನ್ನು ತಾನೇ ಕೆರೆದು ತೆಗೆಯುತ್ತ, ಪ್ರತಿ ಹಲಗೆಗೂ ಏನೋ ಸಮಾಧಾನ ಹೇಳುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಸ ತಲೆನೋವು ಶುರುವಾಯಿತು. ಥಿನ್ನರ್ ಒರೆಸಿದ ಮರದ ಮೇಲೆ ನೀರು ಎಲ್ಲ ಕಡೆಯೂ ಹರಡಿ ಇಂಗುತ್ತಿತ್ತು. ಒಳಗಿನ ಎಣ್ಣೆ ಹೋಗಿದೆಯೋ, ಬರೀ ಮೇಲಿನದು ಹೋಗಿದೆಯೋ ತಿಳಿಯುವಂತಿರಲಿಲ್ಲ. ಮೂಗಿನಿಂದ ಹಿಡಿಯೋಣವೆಂದರೆ ಈ ಊರಿನ ಗಂಡಸರ ಮೂಗು ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಮುಳುಗಿದ್ದು, ಎಣ್ಣೆ ಹಸಿಯಾಗಿಲ್ಲದಿದ್ದರೆ ಅದನ್ನು ವಾಸನೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲ ಹನಿ ಮಳೆ ಬಿದ್ದು ನಿಂತಿತು. ಫಮಾವು ಹಾಯಿಬಟ್ಟೆ ಎಳೆಯಲು ಎದ್ದ, ಕೂತ, ಮತ್ತೆ ಎದ್ದ.

ಇಳಿಹಗಲಿನ ಅಸರ್ ಬಾಂಗಿನ ಹೊತ್ತಿಗೆ ಏಣಿ ಕಿರ್ರೆಂದಿತು. ತಿಮಾ ಹತ್ತುತ್ತಿದ್ದಳು. ಬುಯ್‌ಬುಯ್ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಬರಿಗಾಲು. ಫಮಾವು ಕೈ ಚಾಚಿದ. ಅವಳು ಆ ಕೈಯನ್ನು ನೋಡಿ, ಪಕ್ಕದಲ್ಲಿದ್ದ ಅಪ್ಪನ ಹೆಗಲು ಹಿಡಿದು ಒಳಗೆ ಕಾಲಿಟ್ಟಳು. ಅವಳು ನೇರ ಇಂಜಿನ್ ಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು. ಆಮೇಲೆ ಪೆಟ್ಟಿಗೆಯ ಆ ಮೂಲೆಯನ್ನೇ ಆಸರೆಗೆ ಹಿಡಿದು, ನರಳುತ್ತ ಒಂದೊಂದೇ ಮಂಡಿ ಊರಿ, ಹೊಟ್ಟೆಯನ್ನು ಒಂದು ಕೈಯಲ್ಲಿ ತಡೆದುಕೊಂಡು, ಮರದ ಹತ್ತಿರಕ್ಕೆ ಮುಖ ತಂದಳು. ಬಸುರು ನಿಂತಾಗಿನಿಂದ ನೆರೆಮನೆಯ ಒಗ್ಗರಣೆ ವಾಸನೆಗೂ ಎದ್ದು ಓಡುವವಳು.

ಮೂಗರಳಿಸಿದಳು. ಮುಖ ಕಿವುಚಿದಳು.

"ಇಲ್ಲಿ ಹೋಗಿಲ್ಲ," ಅಂದಳು ಅಣ್ಣನಿಗೆ. ಬೆರಳಿನಿಂದ ಒಂದು ಗೆರೆ ತೋರಿಸಿದಳು. "ಇಲ್ಲಿಂದ ಇಲ್ಲಿಯವರೆಗೆ. ಕೆರಿ."

ಅವನು ಕೆರೆದ. ಅವಳು ಮತ್ತೆ ಬಗ್ಗಿ ಮೂಸಿದಳು.

"ಇನ್ನೂ ಇದೆ."

ಅವನು ಮತ್ತೆ ಕೆರೆದ, ತೆಳ್ಳನೆಯ ಕೆಂಪು ಮರ ಸುರುಳಿ ಸುರುಳಿಯಾಗಿ ಅವಳ ಮಂಡಿಯ ಹತ್ತಿರ ಬಿತ್ತು. ಮೂರನೆಯ ಸಲ ಮೂಸಿದವಳು ಮುಖ ಕಿವುಚದೆ, ಅಂಗೈ ಊರಿಕೊಂಡು ಮುಂದಿನ ಹಲಗೆಗೆ ಸರಿದಳು.